ಏಳು ತಿಂಗಳಿಂದ ದಿನಾ ವಾಕಿಂಗ್, ಇಳಿದಿದ್ದು ಒಂದೇ ಕೆಜಿ. ಮಿಕ್ಕ ಹೊತ್ತು ಕೂತಿರೋದೇ ಕಾರಣವಾ?

ಕುರ್ಚಿಗಂಟಿದವ (ಬೆಂಗಳೂರು), ಭಾನುವಾರ ರಾತ್ರಿ 9:12

ಎಲ್ಲರಿಗೂ ನಮಸ್ಕಾರ. ವಯಸ್ಸು 41, ಎತ್ತರ 168 ಸೆಂಟಿಮೀಟರ್. ಕೆಲಸ ಕಂಪ್ಯೂಟರ್ ಮುಂದೆ, ವಾರದಲ್ಲಿ ಮೂರು ದಿನ ಮನೆಯಿಂದಲೇ. ಏಪ್ರಿಲ್‌ನಲ್ಲಿ ವಾಕಿಂಗ್ ಶುರು ಮಾಡಿದೆ. ಬೆಳಿಗ್ಗೆ ಆರಕ್ಕೆ ಮನೆ ಹತ್ತಿರದ ಪಾರ್ಕಿನಲ್ಲಿ 50 ನಿಮಿಷ, ವಾರಕ್ಕೆ ಆರು ದಿನ. ಜೋರು ಮಳೆ ಬಂದ ದಿನ ಬಿಟ್ಟರೆ ತಪ್ಪಿಸಿಲ್ಲ. ಆಗ 76 ಕೆಜಿ ಇದ್ದೆ. ಈಗ 75.

ಏನೂ ಉಪಯೋಗ ಆಗಿಲ್ಲ ಅಂತಲ್ಲ. ನಮ್ಮದು ನಾಲ್ಕನೇ ಮಹಡಿ. ಮೊದಲೆಲ್ಲ ಲಿಫ್ಟ್ ಕೆಟ್ಟರೆ ಎರಡನೇ ಮಹಡಿಯಲ್ಲೇ ಕಂಬಿ ಹಿಡಿದು ನಿಂತು, ಫೋನ್ ನೋಡುವ ಹಾಗೆ ನಾಟಕ ಮಾಡುತ್ತಿದ್ದೆ. ಈಗ ಎರಡು ಕೈಯಲ್ಲೂ ತರಕಾರಿ ಚೀಲ ಹಿಡಿದು ಒಂದೇ ಸಲಕ್ಕೆ ಹತ್ತುತ್ತೇನೆ.

ಮೊನ್ನೆ ವರ್ಷದ ತಪಾಸಣೆ ಇತ್ತು. ಡಾಕ್ಟ್ರು ತೂಕ ನೋಡಿ, "ಬೆಳಿಗ್ಗೆ ನಡೆಯೋದು ಸರಿ, ಆಮೇಲೆ ಏನು ಮಾಡ್ತೀರಿ?" ಅಂದರು. ವಾಚಿನ ಲೆಕ್ಕ ತೋರಿಸಿದೆ. ದಿನಕ್ಕೆ ಹತ್ತೂವರೆ ಗಂಟೆ ಕೂತಿರುತ್ತೇನೆ. "ಅದೇ ನೋಡಿ" ಅಂದು ಮುಂದಿನವರನ್ನು ಕರೆದರು. ಅಷ್ಟೇ.

ನನ್ನ ಪ್ರಶ್ನೆ ಇದು. ಹತ್ತು ಗಂಟೆ ಕೂತರೆ ಒಂದು ಗಂಟೆ ನಡೆದಿದ್ದು ಅಳಿಸಿಹೋಗುತ್ತಾ? ಹಾಗಿದ್ದರೆ ಮೆಟ್ಟಿಲು ಹತ್ತುವ ದಮ್ಮು ಎಲ್ಲಿಂದ ಬಂತು? ದಮ್ಮು ಬಂದಿದ್ದರೆ ಕೊಬ್ಬು ಯಾಕೆ ಹೋಗಲಿಲ್ಲ?

ಪವನ್‌ಪುತ್ರ, ರಾತ್ರಿ 9:20

ಅನ್ನ ಬಿಡಿ ಸಾರ್. ಎಲ್ಲ ಸರಿಹೋಗುತ್ತೆ.

ಬೇಳೆಸಾರು (ದಾವಣಗೆರೆ), ರಾತ್ರಿ 9:31

ಬಂತು ನೋಡಿ, "ಅನ್ನ ಬಿಡಿ". ಈ ವೇದಿಕೆಯಲ್ಲಿ ಮೊಣಕಾಲು ನೋವು ಅಂದರೂ ಅನ್ನ ಬಿಡಿ, ಕೂದಲು ಉದುರಿದರೂ ಅನ್ನ ಬಿಡಿ. ಅವರು ಕೇಳಿದ್ದು ಕೂರುವುದರ ಬಗ್ಗೆ ಅಲ್ವಾ?

ರೈಟ್ ರೈಟ್ (ಹಾಸನ), ರಾತ್ರಿ 10:05

ನಾನು ಓದಿದವನಲ್ಲ. ನೋಡಿದ್ದು ಹೇಳುತ್ತೇನೆ. 31 ವರ್ಷ ಬಸ್ಸಿನಲ್ಲಿ ಇದ್ದೆ. ಅದರಲ್ಲಿ 24 ವರ್ಷ ಕಂಡಕ್ಟರ್, ಕೊನೆಯ ಏಳು ವರ್ಷ ಬಸ್ ಸ್ಟ್ಯಾಂಡಿನಲ್ಲಿ ಟಿಸಿ, ಅಂದರೆ ಟ್ರಾಫಿಕ್ ಕಂಟ್ರೋಲರ್.

ನಮ್ಮ ಡಿಪೋದಲ್ಲಿ ದೂರದಿಂದ ನೋಡಿದರೆ ಯಾರು ಡ್ರೈವರ್, ಯಾರು ಕಂಡಕ್ಟರ್ ಅಂತ ಬ್ಯಾಡ್ಜ್ ನೋಡದೆ ಹೇಳಬಹುದಿತ್ತು. ಹೊಟ್ಟೆ ಮುಂದೆ ಬಂದರೆ ಡ್ರೈವರ್. ಹತ್ತಕ್ಕೆ ಏಳು ಸಲ ಸರಿ ಇರುತ್ತಿತ್ತು. ಇಬ್ಬರೂ ಒಂದೇ ಹೋಟೆಲಿನಲ್ಲಿ ಒಂದೇ ಊಟ ಮಾಡಿದವರೇ. ಅವನು ಸೀಟಿನ ಮೇಲೆ ಎಂಟು ಗಂಟೆ. ನಾನು ಮುಂದಿನ ಬಾಗಿಲಿಂದ ಹಿಂದಿನ ಬಾಗಿಲಿಗೆ, ಟಿಕೆಟ್ ಟಿಕೆಟ್ ಅಂತ. ಜಾತ್ರೆ ಟೈಮಲ್ಲಿ ಟಾಪಿನ ಮೇಲಿನ ಲಗೇಜಿಗೂ ಹತ್ತಬೇಕಿತ್ತು.

ಟಿಸಿ ಆದಮೇಲೆ ಕುರ್ಚಿ, ಫ್ಯಾನು, ಮೈಕು, ಗಂಟೆಗೊಂದು ಟೀ. ಎರಡೇ ವರ್ಷದಲ್ಲಿ ಹಳೇ ಬೆಲ್ಟ್ ಕೊನೇ ತೂತಿಗೂ ಸಾಲದಾಯಿತು.

ಮಂಡಿ ಮೇಡಂ (ಮೈಸೂರು, ಫಿಸಿಯೋಥೆರಪಿಸ್ಟ್), ಸೋಮವಾರ ಬೆಳಿಗ್ಗೆ 6:50

ರೈಟ್ ರೈಟ್ ಅಣ್ಣ, ನೀವು ಹಾಸನದಲ್ಲಿ ನೋಡಿದ್ದನ್ನೇ ಲಂಡನ್ನಿನಲ್ಲಿ ಒಬ್ಬರು ಎಣಿಸಿ ಬರೆದಿಟ್ಟಿದ್ದಾರೆ. ಸುಮ್ನೆ ಹೊಗಳಿಕೆ ಅಲ್ಲ.

ಜೆರ್ರಿ ಮಾರಿಸ್ ಅಂತ ಡಾಕ್ಟ್ರು. 1953ರಲ್ಲಿ ಲ್ಯಾನ್ಸೆಟ್ ಅನ್ನುವ ವೈದ್ಯಕೀಯ ಪತ್ರಿಕೆಯಲ್ಲಿ ಬಂದ ಅಧ್ಯಯನ. ಲಂಡನ್ ಸಾರಿಗೆಯ ಸುಮಾರು 31,000 ಗಂಡಸರು, ವಯಸ್ಸು 35ರಿಂದ 64. ಅಲ್ಲಿನ ಡಬಲ್ ಡೆಕ್ಕರ್ ಬಸ್ಸಿನಲ್ಲಿ ಕಂಡಕ್ಟರು ಟಿಕೆಟ್ ಕೊಡಲು ದಿನಕ್ಕೆ 500ರಿಂದ 750 ಮೆಟ್ಟಿಲು ಹತ್ತುತ್ತಿದ್ದ. ಡ್ರೈವರ್ ಕೂತೇ ಇರುತ್ತಿದ್ದ. ಹೃದಯದ ಕಾಯಿಲೆ ಕಂಡಕ್ಟರುಗಳಲ್ಲಿ ಕಡಿಮೆ. ಬಂದರೂ ತಡವಾಗಿ ಬರುತ್ತಿತ್ತು, ಬಂದ ಕೂಡಲೇ ಸಾಯುವುದೂ ಕಡಿಮೆ. ಕೂತು ಮಾಡುವ ಕೆಲಸ, ಓಡಾಡುವ ಕೆಲಸ ಅಂತ ಹೀಗೆ ಪಕ್ಕಪಕ್ಕ ಇಟ್ಟು ತೂಗಿದ ಮೊದಲ ದೊಡ್ಡ ಕೆಲಸ ಇದು.

ಮಾರಿಸ್ ಅವರು ತಾವೂ ನಡೆದಾಡಿಕೊಂಡು 99 ವರ್ಷ ಬದುಕಿದರು, ಅದು ಬೇರೆ ಮಾತು.

ಲೆಕ್ಕಿಗ (ಧಾರವಾಡ), ಬೆಳಿಗ್ಗೆ 8:15

ಮೇಡಂ, ಕಥೆಯ ಅರ್ಧ ಮಾತ್ರ ಹೇಳಿದಿರಿ. ಉಳಿದರ್ಧ ನಾನು ಹೇಳುತ್ತೇನೆ ನೋಡ್ರಿ. ನಾನು ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಪಾಠ ಮಾಡುವವನು. ಪ್ರತಿ ವರ್ಷ ಮೊದಲನೇ ವಾರ ಹುಡುಗರಿಗೆ ಇದೇ ಉದಾಹರಣೆ ಕೊಡುತ್ತೇನೆ.

ಮಾರಿಸ್ 1956ರಲ್ಲಿ ಇನ್ನೊಂದು ಬರಹ ಬರೆದರು. ಈ ಸಲ ಹಿಡಿದದ್ದು ಯೂನಿಫಾರ್ಮ್ ಪ್ಯಾಂಟಿನ ಅಳತೆ. ಸಾರಿಗೆಯವರು ಸಮವಸ್ತ್ರ ಹೊಲಿಸುವಾಗ ಎಲ್ಲರ ಸೊಂಟದ ಸುತ್ತಳತೆ ಬರೆದಿಟ್ಟಿದ್ದರು. ಅದನ್ನೇ ತೆಗೆದು ನೋಡಿದರೆ ಡ್ರೈವರುಗಳ ಸೊಂಟ ದೊಡ್ಡದು. ಇಲ್ಲಿವರೆಗೆ ಸರಿ. ಆದರೆ ಚಿಕ್ಕ ವಯಸ್ಸಿನ ಹುಡುಗರಲ್ಲೂ ಡ್ರೈವರುಗಳದ್ದೇ ದೊಡ್ಡದಿತ್ತು!

ಅಂದರೆ ಕೂತು ದಪ್ಪಗಾದರೋ, ದಪ್ಪ ಇದ್ದವರು ಕೂರುವ ಕೆಲಸ ಆರಿಸಿಕೊಂಡರೋ? ಎರಡೂ ಇರಬಹುದು. ತಮ್ಮ ಹಿಂದಿನ ಬರಹಕ್ಕೆ ಪೆಟ್ಟು ಬೀಳುತ್ತೆ ಅಂತ ಗೊತ್ತಿದ್ದೂ ಅದನ್ನು ಅಚ್ಚು ಹಾಕಿಸಿದರಲ್ಲ, ಅದಕ್ಕೆ ಅವರ ಮೇಲೆ ನನಗೆ ಗೌರವ ಜಾಸ್ತಿ.

ರೈಟ್ ರೈಟ್, ಬೆಳಿಗ್ಗೆ 9:02

ಮೇಷ್ಟ್ರೇ, ನಾನು ಟಿಸಿ ಆಗಿದ್ದು ಸೀನಿಯಾರಿಟಿ ಮೇಲೆ. ಹೊಟ್ಟೆ ನೋಡಿ ಯಾರೂ ಆರಿಸಲಿಲ್ಲ. ಹೊಟ್ಟೆ ಆಮೇಲೇ ಬಂತು.

ಲೆಕ್ಕಿಗ, ಬೆಳಿಗ್ಗೆ 9:10

ಒಪ್ಪಿದೆ ಅಣ್ಣಾ. ಆದರೆ ಗಂಟೆಗೊಂದು ಟೀ ಅಂತಲೂ ನೀವೇ ಬರೆದಿದ್ದೀರಿ. ಟೀ ಜತೆ ಬೋಂಡಾ ಇತ್ತೋ ಇಲ್ಲವೋ?

ರೈಟ್ ರೈಟ್, ಬೆಳಿಗ್ಗೆ 9:11

ಇತ್ತು.

ಲೆಕ್ಕಿಗ, ಬೆಳಿಗ್ಗೆ 9:34

ಇದಕ್ಕೂ ಒಂದು ಹಳೇ ಲೆಕ್ಕ ಇದೆ, ಅದೂ ನಮ್ಮ ದೇಶದ್ದೇ. ಜೀನ್ ಮೇಯರ್ ಅನ್ನುವವರು 1956ರಲ್ಲಿ ಪಶ್ಚಿಮ ಬಂಗಾಳದ ಒಂದು ಸೆಣಬಿನ ಗಿರಣಿಯ 213 ಕೆಲಸಗಾರರ ಊಟ, ತೂಕ, ಕೆಲಸ ಮೂರನ್ನೂ ಅಳೆದು ಬರೆದರು. ಮೂಟೆ ಹೊರುವವರಿಂದ ಹಿಡಿದು ಗುಮಾಸ್ತರು, ಮೇಲ್ವಿಚಾರಕರು, ಅಂಗಡಿ ಇಟ್ಟು ಕೂತವರ ತನಕ.

ಓಡಾಡುವವರಲ್ಲಿ ಕೆಲಸ ಹೆಚ್ಚಾದ ಹಾಗೆ ಊಟವೂ ಹೆಚ್ಚು, ತೂಕ ಮಾತ್ರ ಹೆಚ್ಚುಕಡಿಮೆ ಒಂದೇ. ಇದು ಯಾರಾದರೂ ಊಹಿಸಬಹುದು. ಆಶ್ಚರ್ಯ ಇರೋದು ಇನ್ನೊಂದು ತುದಿಯಲ್ಲಿ. ಕೂತೇ ಇರುವವರು ಕಡಿಮೆ ತಿನ್ನಬೇಕಿತ್ತು ಅಲ್ವಾ? ಇಲ್ಲ. ಹಗುರ ಕೆಲಸ ಮಾಡುವವರಿಗಿಂತ ಜಾಸ್ತಿ ತಿನ್ನುತ್ತಿದ್ದರು. ತೂಕವೂ ಅವರದೇ ಜಾಸ್ತಿ.

ನನಗೆ ಅರ್ಥ ಆಗುವುದು ಇಷ್ಟು. ಮೈ ಸ್ವಲ್ಪ ಆಡುತ್ತಿದ್ದರೆ ಹಸಿವಿಗೆ ಲೆಕ್ಕ ಗೊತ್ತಿರುತ್ತೆ. ಪೂರ್ತಿ ನಿಂತುಹೋದರೆ ಹಸಿವೂ ಲೆಕ್ಕ ತಪ್ಪುತ್ತೆ. ಇದೊಂದು ಗಿರಣಿಯ ಒಂದು ಕಾಲದ ಚಿತ್ರ. ಇದನ್ನೇ ವೇದವಾಕ್ಯ ಮಾಡಿಕೊಳ್ಳಬೇಡಿ.

ತೋಟದ ಮನೆ (ಶಿರಸಿ ಹತ್ತಿರ), ಮಧ್ಯಾಹ್ನ 1:40

ನಮ್ಮೂರಲ್ಲಿ ವಾಕಿಂಗ್ ಹೊರಟರೆ, "ಎಂತ, ದನ ಕಳೆದುಹೋಯ್ತಾ?" ಅಂತ ಕೇಳುತ್ತಾರೆ. ಆದ್ದರಿಂದ ಹಳ್ಳಿಯವರೆಲ್ಲ ಗಟ್ಟಿಮುಟ್ಟು ಅಂತ ಪೇಟೆಯವರು ತಿಳಿದಿದ್ದಾರೆ. ಆ ಕಾಲ ಹೋಯಿತು ಮಾರಾಯ್ರೇ.

ಅಪ್ಪ ತೋಟಕ್ಕೆ ದಿನಕ್ಕೆ ನಾಲ್ಕು ಸಲ ಇಳಿದು ಹತ್ತುತ್ತಿದ್ದ. ಸೊಪ್ಪಿನ ಹೊರೆ ತಲೆ ಮೇಲೆ. ನಾನು ಬೈಕಿನಲ್ಲಿ ತೋಟದ ಬಾಗಿಲಿನ ತನಕ ಹೋಗುತ್ತೇನೆ. ನೀರು ಬಿಡಲು ಮೊಬೈಲಿನಲ್ಲೇ ಪಂಪು ಚಾಲೂ. ಹುಲ್ಲಿಗೆ ಯಂತ್ರ. ಅಡಿಕೆ ಗೊನೆ ಕೊಯ್ಯುವ ಕೊನೆಗೌಡ ಸಿಗುವುದಿಲ್ಲ, ಸಿಕ್ಕರೂ ಮರ ಹತ್ತುವುದಿಲ್ಲ. ಕಾರ್ಬನ್ ಫೈಬರ್ ದೋಟಿ ಹಿಡಿದು ನೆಲದ ಮೇಲೆ ನಿಂತೇ ಕೊನೆ ಇಳಿಸುತ್ತಾನೆ. ಅದು ಒಳ್ಳೆಯದೇ, ಮರದಿಂದ ಬಿದ್ದು ಸೊಂಟ ಮುರಿದುಕೊಂಡವರನ್ನು ನಾನೇ ಕಂಡಿದ್ದೇನೆ. ಆದರೆ ಮೈಗೆ ಕೆಲಸ ಎಲ್ಲಿ ಉಳಿಯಿತು?

ಅಡಿಕೆ ಸುಲಿಯುವ ಕಾಲಕ್ಕೆ ರಾತ್ರಿ ಹನ್ನೊಂದರ ತನಕ ಮೆಟ್ಟುಗತ್ತಿ ಮುಂದೆ ಕೂರುವುದು ಮೊದಲೂ ಇತ್ತು. ಕೂರುವುದು ಹೊಸದಲ್ಲ. ಕೂತವನು ಬೆಳಿಗ್ಗೆ ಎದ್ದು ಏನು ಮಾಡುತ್ತಾನೆ ಅನ್ನುವುದು ಬದಲಾಯಿತು. ನನಗೆ 44ಕ್ಕೇ ಸಕ್ಕರೆ ಕಾಯಿಲೆ. ಅಪ್ಪನಿಗೆ 78, ಗುಳಿಗೆ ಒಂದೂ ಇಲ್ಲ.

ಮಂಡಿ ಮೇಡಂ, ಸಂಜೆ 7:20

ಈಗ ಕುರ್ಚಿಗಂಟಿದವರ ಪ್ರಶ್ನೆಗೆ ಬರೋಣ. ಅವರು ಎರಡು ಬೇರೆ ಸಂಗತಿಯನ್ನು ಒಂದೇ ಚೀಲಕ್ಕೆ ಹಾಕಿದ್ದಾರೆ. ಎಲ್ಲರೂ ಹಾಗೇ ಮಾಡುವುದು.

ಕೂತಿರುವುದು ಒಂದು. ಎಚ್ಚರ ಇದ್ದಾಗ ಕೂತು, ಒರಗಿ, ಮಲಗಿ ಇರುವ ಹೊತ್ತು ಇದು. ಸುಮ್ಮನೆ ವಿಶ್ರಾಂತಿಯಲ್ಲಿ ಇರುವಾಗ ಖರ್ಚಾಗುವ ಶಕ್ತಿಯನ್ನು ಒಂದು ಮೆಟ್ ಅಂತ ಹಿಡಿದರೆ, ಕೂತಾಗ ಒಂದೂವರೆ ಮೆಟ್ ದಾಟುವುದಿಲ್ಲ. ವ್ಯಾಯಾಮ ಸಾಲದಿರುವುದು ಇನ್ನೊಂದು. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದ ಲೆಕ್ಕ ವಾರಕ್ಕೆ 150ರಿಂದ 300 ನಿಮಿಷ ಬಿರುಸಾದ ನಡಿಗೆಯಂಥದ್ದು, ಅಥವಾ 75ರಿಂದ 150 ನಿಮಿಷ ಓಟದಂಥದ್ದು, ಜತೆಗೆ ಎರಡು ದಿನ ಸ್ನಾಯುಗಳಿಗೆ ಕೆಲಸ. ಇವರು ನಡೆಯುವುದು ವಾರಕ್ಕೆ 300 ನಿಮಿಷ. ಆ ಪರೀಕ್ಷೆಯಲ್ಲಿ ಇವರು ಫಸ್ಟ್ ಕ್ಲಾಸ್ ಪಾಸು. ಅದೇ ಹೊತ್ತಿಗೆ ದಿನಕ್ಕೆ ಹತ್ತೂವರೆ ಗಂಟೆ ಕೂರುವವರೂ ಹೌದು. ಎರಡೂ ಒಬ್ಬರಲ್ಲೇ ಇರಬಹುದು.

ವಾರದಲ್ಲಿ ಎಚ್ಚರ ಇರುವುದು ಸುಮಾರು 112 ಗಂಟೆ. ನಡೆದದ್ದು 5. ಉಳಿದ 107ರಲ್ಲಿ ಮೈ ಏನು ಮಾಡಿತು ಅಂತ ಡಾಕ್ಟ್ರು ಕೇಳಿದ್ದು. ಪ್ರಶ್ನೆ ಸರಿಯಾಗೇ ಇತ್ತು. ಉತ್ತರಕ್ಕೆ ಅವರು ನಿಲ್ಲಲಿಲ್ಲ, ಅಷ್ಟೇ.

ಇನ್ನು ದಮ್ಮು, ಕೊಬ್ಬು. ದಮ್ಮು ಬರುವುದು ಉಸಿರು ಏರುವ ಕೆಲಸದಿಂದ. ಹೃದಯಕ್ಕೆ, ಕಾಲಿನ ಸ್ನಾಯುಗಳಿಗೆ ಅಭ್ಯಾಸ ಆಗಲು ಕೆಲವೇ ವಾರ ಸಾಕು. ಕೊಬ್ಬು ಇಡೀ ದಿನದ ಜಮಾಖರ್ಚಿನ ಉಳಿಕೆ. ಅದಕ್ಕೆ 50 ನಿಮಿಷ ಬಹಳ ಸಣ್ಣದು.

ಲೆಕ್ಕಿಗ, ಸಂಜೆ 7:58

ಎಷ್ಟು ಸಣ್ಣದು ಅಂತ ಲೆಕ್ಕ ಹಾಕಿಬಿಡೋಣ. 75 ಕೆಜಿ ಆಸಾಮಿ ಗಂಟೆಗೆ 5 ಕಿಲೋಮೀಟರ್ ವೇಗದಲ್ಲಿ 50 ನಿಮಿಷ ನಡೆದರೆ ಖರ್ಚು ಸುಮಾರು 220 ಕ್ಯಾಲೊರಿ. ಅಷ್ಟು ಹೊತ್ತು ಕೂತಿದ್ದರೂ 80 ಹೇಗೂ ಹೋಗುತ್ತಿತ್ತು. ನಿಜವಾದ ಲಾಭ 140. ಒಂದು ಮಸಾಲೆ ದೋಸೆ ಅದನ್ನು ನುಂಗಿ ಮೇಲೆ ಚಟ್ನಿ ಕೇಳುತ್ತೆ.

ವಾರಕ್ಕೆ ಆರು ದಿನ, ಏಳು ತಿಂಗಳು. ಒಟ್ಟು ಸುಮಾರು 25,000 ಕ್ಯಾಲೊರಿ. ಒಂದು ಕೆಜಿ ಕೊಬ್ಬಿಗೆ 7,700 ಅಂತ ಹಿಡಿದರೆ ಮೂರು ಕೆಜಿ ಚಿಲ್ಲರೆ ಇಳಿಯಬೇಕಿತ್ತು. ಇಳಿದದ್ದು ಒಂದು. ಉಳಿದ ಎರಡು ಕೆಜಿ ಎಲ್ಲಿ? ಕುರ್ಚಿಗಂಟಿದವರೇ, ವಾಕಿಂಗ್ ಮುಗಿಸಿ ಸೀದಾ ಮನೆಗೆ ಹೋಗುತ್ತೀರೋ?

ಕುರ್ಚಿಗಂಟಿದವ, ರಾತ್ರಿ 8:30

ಪಾರ್ಕ್ ಗೇಟಿನ ಎದುರಿಗೇ ಒಂದು ದರ್ಶಿನಿ ಇದೆ. ನಮ್ಮದು ಐದು ಜನರ ಗುಂಪು. ಸರದಿ ಮೇಲೆ ಬಿಲ್ಲು ಕೊಡುತ್ತೇವೆ. ಫಿಲ್ಟರ್ ಕಾಫಿ, ಒಂದು ಉದ್ದಿನ ವಡೆ. ಬುಧವಾರ ಖಾರಾಬಾತ್.

ಇದನ್ನು ನನ್ನ ಹೆಂಡತಿ ಓದುವುದಿಲ್ಲ ಅಂದುಕೊಂಡಿದ್ದೇನೆ.

ಬೇಳೆಸಾರು, ರಾತ್ರಿ 8:33

ವಡೆ ಸಿಕ್ಕಿಬಿತ್ತು!

ಮಂಡಿ ಮೇಡಂ, ರಾತ್ರಿ 9:15

ವಡೆಯೊಂದನ್ನೇ ಬೈಯಬೇಡಿ. ಬೆಳಿಗ್ಗೆ ನಡೆದೆ ಅನ್ನುವ ಸಮಾಧಾನದಲ್ಲಿ ಮಿಕ್ಕ ದಿನ ನಾವು ಇನ್ನೂ ಜಾಸ್ತಿ ಕೂರುತ್ತೇವೆ. "ನಂದು ಆಯ್ತಲ್ಲ" ಅಂತ ಲಿಫ್ಟ್ ಹತ್ತುತ್ತೇವೆ. ದೇಹವೂ ತನ್ನ ಖರ್ಚನ್ನು ಬೇರೆ ಕಡೆ ಕಡಿಮೆ ಮಾಡಿಕೊಳ್ಳುತ್ತೆ. ಟಾಂಜಾನಿಯಾದ ಹಡ್ಜಾ ಬೇಟೆಗಾರರು ದಿನವಿಡೀ ಓಡಾಡುವ ಜನ. ಹರ್ಮನ್ ಪಾಂಟ್ಜರ್ ಅವರ ತಂಡ 2012ರಲ್ಲಿ ಅಳೆದು ನೋಡಿದಾಗ, ಮೈಗಾತ್ರ ಲೆಕ್ಕಕ್ಕೆ ಹಿಡಿದರೆ ಅವರ ದಿನದ ಒಟ್ಟು ಖರ್ಚು ಅಮೆರಿಕ, ಯೂರೋಪಿನವರ ಖರ್ಚಿಗಿಂತ ಹೆಚ್ಚಿರಲಿಲ್ಲ.

ದಮ್ಮು, ಕೊಬ್ಬು ಬೇರೆ ಬೇರೆ ದಾರಿ ಹಿಡಿಯುತ್ತವೆ ಅನ್ನುವುದಕ್ಕೆ ನನಗೆ ಬಹಳ ಇಷ್ಟವಾದ ಕಥೆ ಅಮೆರಿಕದ ಡಲ್ಲಾಸಿನದ್ದು. 1966ರಲ್ಲಿ 20 ವರ್ಷದ ಐದು ಹುಡುಗರನ್ನು ಮೂರು ವಾರ ಹಾಸಿಗೆಯಲ್ಲೇ ಮಲಗಿಸಿದರು. ಕಾಯಿಲೆ ಏನೂ ಇಲ್ಲ, ಸುಮ್ನೆ ಮಲಗಬೇಕು. ಎದ್ದಾಗ ಅವರ ದೇಹ ಆಮ್ಲಜನಕ ಬಳಸುವ ಶಕ್ತಿ, ಅಂದರೆ ನಾವು ದಮ್ಮು ಅನ್ನುವುದು, ಕಾಲು ಭಾಗಕ್ಕಿಂತ ಹೆಚ್ಚು ಬಿದ್ದುಹೋಗಿತ್ತು. ಮೂರೇ ವಾರದಲ್ಲಿ!

30 ವರ್ಷ ಆದಮೇಲೆ ಅದೇ ಐದು ಜನರನ್ನು ಹುಡುಕಿ ಮತ್ತೆ ಪರೀಕ್ಷೆ ಮಾಡಿದರು. ಆಗ ಎಲ್ಲರಿಗೂ ಐವತ್ತು ದಾಟಿತ್ತು. ಒಬ್ಬೊಬ್ಬರು ಸರಾಸರಿ 23 ಕೆಜಿ ಏರಿದ್ದರು. ಮೈಯಲ್ಲಿನ ಕೊಬ್ಬು ಶೇ 14ರಿಂದ 28ಕ್ಕೆ, ಎರಡು ಪಟ್ಟು. ಆದರೂ 30 ವರ್ಷದ ವಯಸ್ಸು ತಂದ ನಷ್ಟಕ್ಕಿಂತ ಅಂದಿನ ಮೂರು ವಾರದ ಮಲಗುವಿಕೆ ತಂದ ನಷ್ಟವೇ ದೊಡ್ಡದಿತ್ತು.

ಆಮೇಲೆ ಅವರಿಗೆ ಆರು ತಿಂಗಳು ನಡಿಗೆ, ನಿಧಾನದ ಓಟ, ಸೈಕಲ್ ಅಭ್ಯಾಸ ಕೊಟ್ಟರು. ಕೊನೆಕೊನೆಗೆ ವಾರಕ್ಕೆ ನಾಲ್ಕೂವರೆ ಗಂಟೆ. ಹೆಚ್ಚುಕಡಿಮೆ ನಮ್ಮ ಕುರ್ಚಿಗಂಟಿದವರಷ್ಟೇ. ಫಲ? ದಮ್ಮು 20ನೇ ವಯಸ್ಸಿನ ಮಟ್ಟಕ್ಕೆ ವಾಪಸ್ ಬಂತು. ತೂಕ ಇಳಿದದ್ದು ನಾಲ್ಕೈದು ಕೆಜಿ ಮಾತ್ರ.

ಐದೇ ಜನ, ಹೌದು ಲೆಕ್ಕಿಗರೇ, ನೀವು ಹೇಳುವ ಮೊದಲೇ ನಾನೇ ಹೇಳಿದೆ.

ಕುರ್ಚಿಗಂಟಿದವ, ರಾತ್ರಿ 9:41

ಮೇಡಂ, ಇದು ನನ್ನದೇ ರಿಪೋರ್ಟ್ ಓದಿದ ಹಾಗಿದೆ.

ಚಕ್ರತೀರ್ಥ (ನೆದರ್‌ಲ್ಯಾಂಡ್ಸ್), ರಾತ್ರಿ 11:50

ಇಲ್ಲಿ ಆಫೀಸಿಗೆ 9 ಕಿಲೋಮೀಟರ್ ಸೈಕಲ್. ಹೋಗಿ ಬಂದು 18. ಎದುರುಗಾಳಿ ಇದ್ದರೆ ಏದುಸಿರು. ಊರಿಗೆ ಬಂದಾಗ ಎಲ್ಲರೂ, "ನೀನು ಅಲ್ಲಿ ಸೈಕಲ್ ಹೊಡೀತೀಯ, ನಿನಗೇನು" ಅನ್ನುತ್ತಾರೆ. ಆದರೆ ಯೂರೋಪಿನಲ್ಲೇ ಅತಿ ಹೆಚ್ಚು ಹೊತ್ತು ಕೂರುವವರ ಸಾಲಿನಲ್ಲಿ ಡಚ್ಚರು ಇದ್ದಾರೆ. ಸೈಕಲ್ ಇಳಿದು ಕೂತರೆ ಸಂಜೆಯ ತನಕ ಏಳುವುದಿಲ್ಲ. ನನ್ನ ದಮ್ಮು ಚೆನ್ನಾಗಿದೆ. ಸೊಂಟ? ಇಲ್ಲಿ ಚೀಸ್ ಬಹಳ ರುಚಿ ಅಂತಷ್ಟೇ ಹೇಳುತ್ತೇನೆ.

ಅಂದ ಹಾಗೆ ಸೊಂಟಕ್ಕೆ ಕಟ್ಟುವ ಚಲನೆ ಮಾಪಕದಲ್ಲಿ ಸೈಕಲ್ ಸರಿಯಾಗಿ ದಾಖಲಾಗುವುದೇ ಇಲ್ಲ. ಸೊಂಟ ಅಲ್ಲಾಡುವುದಿಲ್ಲವಲ್ಲ. ಒಂದು ವಾರ ಆಫೀಸಿನಲ್ಲಿ ಕೊಟ್ಟಿದ್ದರು. 18 ಕಿಲೋಮೀಟರ್ ಹೊಡೆದ ದಿನವೂ ನಾನು ಸೋಮಾರಿ ಅಂತಲೇ ತೋರಿಸಿತು.

ಬೇಳೆಸಾರು, ಮಂಗಳವಾರ ಬೆಳಿಗ್ಗೆ 10:20

ಗಂಡಸರೆಲ್ಲ ಮಾತಾಡಿದ್ದಾಯಿತಾ? ಈಗ ನನ್ನದೊಂದು.

ಪೇಪರಿನಲ್ಲಿ ಓದಿದೆ. 2022ರ ಲೆಕ್ಕದಲ್ಲಿ ನಮ್ಮ ದೇಶದ ದೊಡ್ಡವರಲ್ಲಿ ಅರ್ಧದಷ್ಟು ಜನ ಸಾಕಷ್ಟು ಮೈ ಆಡಿಸುವುದಿಲ್ಲ. ಗಂಡಸರಲ್ಲಿ ಶೇ 42, ಹೆಂಗಸರಲ್ಲಿ ಶೇ 57. ಓದಿ ಸಿಟ್ಟು ಬಂತು. ಬೆಳಿಗ್ಗೆ ಐದೂವರೆಗೆ ಎದ್ದವಳು ನಾನು. ರೊಟ್ಟಿ ಬಡಿಯುವುದು, ಬಟ್ಟೆ, ನೆಲ, ಅತ್ತೆಯವರ ಸ್ನಾನ. ಕೂತದ್ದು ಯಾವಾಗ ಅಂತ ನನಗೇ ನೆನಪಿಲ್ಲ. ಇದು ಮೈ ಆಡಿಸುವುದಲ್ಲವಾ?

ಮಂಡಿ ಮೇಡಂ, ಮಧ್ಯಾಹ್ನ 2:05

ಅಕ್ಕಾ, ಸಿಟ್ಟು ನ್ಯಾಯವಾದದ್ದೇ. ಆದರೆ ಅಂಥ ಸಮೀಕ್ಷೆಗಳಲ್ಲಿ ಸಾಮಾನ್ಯವಾಗಿ ಬಳಸುವ ಪ್ರಶ್ನೆಪಟ್ಟಿಯಲ್ಲಿ ಮನೆಗೆಲಸವನ್ನೂ ಕೇಳುತ್ತಾರೆ. ಒಂದು ಷರತ್ತು ಇದೆ. ಹತ್ತು ನಿಮಿಷವಾದರೂ ಬಿಡದೆ, ಉಸಿರು, ಎದೆಬಡಿತ ಸ್ವಲ್ಪ ಏರುವಷ್ಟು ಇರಬೇಕು. ನೆಲ ಉಜ್ಜುವುದು, ನೀರು ಹೊರುವುದು ಲೆಕ್ಕಕ್ಕೆ ಬರುತ್ತೆ. ಒಲೆ ಮುಂದೆ ನಿಂತು ಒಗ್ಗರಣೆ ಹಾಕುವುದು ಬರುವುದಿಲ್ಲ. ಸುಸ್ತಾಗುವುದು ಬೇರೆ, ದಮ್ಮು ಬೆಳೆಯುವುದು ಬೇರೆ. ನನ್ನ ಹತ್ತಿರ ಬರುವ ಹೆಂಗಸರಲ್ಲಿ ಬಹಳ ಜನ ದಿನವಿಡೀ ದುಡಿದು ಸುಸ್ತಾದವರು. ಆದರೂ ಒಂದು ಮಹಡಿ ಹತ್ತಿದರೆ ಏದುಸಿರು.

ಆದರೆ ನಿಮ್ಮ ಓಡಾಟ ವ್ಯರ್ಥ ಅಲ್ಲವೇ ಅಲ್ಲ. ಅಮೆರಿಕದ ಜೇಮ್ಸ್ ಲೆವಿನ್ ಅವರು 2005ರಲ್ಲಿ ಬರೆದದ್ದು ಇದೇ. ಅವರು ದಪ್ಪಗಿನವರನ್ನೂ ತೆಳ್ಳಗಿನವರನ್ನೂ ಹೋಲಿಸಿದರು, ಎಲ್ಲರೂ ವ್ಯಾಯಾಮ ಮಾಡದವರೇ. ಅದರಲ್ಲಿ ದಪ್ಪ ಇದ್ದವರು ತೆಳ್ಳಗಿದ್ದವರಿಗಿಂತ ದಿನಕ್ಕೆ ಎರಡು ಗಂಟೆಗೂ ಹೆಚ್ಚು ಕೂತಿರುತ್ತಿದ್ದರು. ಏಳುವುದು, ಕೂರುವುದು, ಆ ಕೋಣೆಗೆ ಈ ಕೋಣೆಗೆ ಹೋಗುವುದು, ಇದನ್ನು ಯಾರೂ ವ್ಯಾಯಾಮ ಅನ್ನುವುದಿಲ್ಲ. ಕೊಬ್ಬಿನ ಲೆಕ್ಕದಲ್ಲಿ ಮಾತ್ರ ಅದು ದೊಡ್ಡ ಬಾಬ್ತು.

ಬೇಳೆಸಾರು, ಮಧ್ಯಾಹ್ನ 2:30

ಹಾಗಾದರೆ ನಾನು ಬೆಳಿಗ್ಗೆ ಒಂದು ಅರ್ಧ ಗಂಟೆ ಜೋರಾಗಿ ನಡೆಯಲು ಬಿಡುವು ಬೇಕು. ಅತ್ತೆಯವರ ಸ್ನಾನ ಯಾರು ಮಾಡಿಸುತ್ತಾರೆ ಅನ್ನುವುದು ಈ ವೇದಿಕೆಯ ವಿಷಯ ಅಲ್ಲ, ಬಿಡಿ. ನಮ್ಮವರ ಜತೆ ಮಾತಾಡುತ್ತೇನೆ.

ಸಣಕಲಿ (ಮಂಗಳೂರು), ಸಂಜೆ 5:15

ನಾನು 52 ಕೆಜಿ. ಸಣಕಲಿ ಅಂತಲೇ ಮನೆಯಲ್ಲಿ ಕರೆಯುವುದು. ಇಡೀ ದಿನ ಬ್ಯಾಂಕಿನ ಕೌಂಟರ್. ಕೊಬ್ಬಿನ ಮಾತು ನನಗಲ್ಲ ಅಂತ ನಾನು ಇಂಥ ಚರ್ಚೆ ಓದುತ್ತಲೇ ಇರಲಿಲ್ಲ. ಈ ವರ್ಷ ಸಕ್ಕರೆ ಗಡಿ ಮೇಲೆ ಬಂದು ನಿಂತಿದೆ. ನನ್ನ ಕೈಕಾಲು ನೋಡಿದರೆ ಕೊಬ್ಬು ಎಲ್ಲಿದೆ ಹೇಳಿ!

ಮಂಡಿ ಮೇಡಂ, ಸಂಜೆ 6:40

ಒಳಗೆ ಇರಬಹುದು. ಪುಣೆಯ ಡಾ. ಚಿತ್ತರಂಜನ್ ಯಾಜ್ಞಿಕ್ ಮತ್ತು ಬ್ರಿಟನ್ನಿನ ಜಾನ್ ಯುಡ್ಕಿನ್ 2004ರಲ್ಲಿ ತಮ್ಮಿಬ್ಬರ ಫೋಟೋವನ್ನೇ ಲ್ಯಾನ್ಸೆಟ್‌ನಲ್ಲಿ ಹಾಕಿದ್ದರು. ಇಬ್ಬರ ಬಿಎಂಐ, ಅಂದರೆ ಎತ್ತರಕ್ಕೆ ತೂಕ ಎಷ್ಟು ಅನ್ನುವ ಲೆಕ್ಕ, ಒಂದೇ, 22.3. ಯುಡ್ಕಿನ್ ಮೈಯಲ್ಲಿ ಕೊಬ್ಬು ಶೇ 9.1. ಯಾಜ್ಞಿಕ್ ಮೈಯಲ್ಲಿ ಶೇ 21.2. ನೋಡಲು ತೆಳ್ಳಗೆ, ಒಳಗೆ ಕೊಬ್ಬು. ನಮ್ಮವರಲ್ಲಿ ಇದು ಬಹಳ. ಅದಕ್ಕೇ ಭಾರತೀಯರಿಗೆ ಬಿಎಂಐ 23ಕ್ಕೇ ಎಚ್ಚರಿಕೆ ಗಂಟೆ. ಸೊಂಟ ಗಂಡಸರಿಗೆ 90, ಹೆಂಗಸರಿಗೆ 80 ಸೆಂಟಿಮೀಟರ್ ದಾಟಬಾರದು ಅಂತ ಇಟ್ಟಿದ್ದಾರೆ.

ಇದರಿಂದ ಕುರ್ಚಿಗಂಟಿದವರಿಗೂ ಒಂದು ಮಾತು. ತೂಕದ ಯಂತ್ರ ಬಿಡಿ. ವ್ಯಾಯಾಮದಿಂದ ತೂಕ ಇಳಿಯದಿದ್ದರೂ ಹೊಟ್ಟೆಯೊಳಗಿನ ಕೊಬ್ಬು ಕರಗಬಹುದು. ಟೇಪು ಹಿಡಿದಿದ್ದೀರಾ?

ಕುರ್ಚಿಗಂಟಿದವ, ಸಂಜೆ 6:52

ಇಲ್ಲ. ಏಪ್ರಿಲ್‌ನಲ್ಲೂ ಹಿಡಿದಿರಲಿಲ್ಲ. ಈಗ ಹಿಡಿದು ಯಾವುದಕ್ಕೆ ಹೋಲಿಸಲಿ?

ಪಿಟಿ ಮೇಷ್ಟ್ರು (ಹಾವೇರಿ), ರಾತ್ರಿ 8:10

ನೀವೆಲ್ಲ ದೊಡ್ಡವರ ಲೆಕ್ಕ ಹಾಕುತ್ತಿದ್ದೀರಿ. ನನ್ನ ಕಣ್ಣ ಮುಂದೆ ಇರುವುದು ಹುಡುಗರು. ಏಳನೇ ಕ್ಲಾಸಿನಲ್ಲಿ ಒಬ್ಬ ಹುಡುಗ ಇದ್ದ. ದುಂಡಗೆ. ಖೋ ಖೋದಲ್ಲಿ ಅವನ ಬೆನ್ನು ತಟ್ಟಿ ಖೋ ಅಂದರೆ ಏಳುವಷ್ಟರಲ್ಲಿ ಓಡುವವನು ಕಂಬ ದಾಟಿರುತ್ತಿದ್ದ. ಉಳಿದವರು ನಕ್ಕರು. ಎರಡನೇ ವಾರ ಅವನಿಗೆ ಹೊಟ್ಟೆನೋವು. ಮೂರನೇ ವಾರ ಕಾಲುನೋವು. ನಾಲ್ಕನೇ ವಾರ ಅವನೇ ಸ್ಕೋರ್ ಬರೆಯುತ್ತೇನೆ ಅಂದ. ನಾನು ದಡ್ಡ, ಒಪ್ಪಿದೆ. ವರ್ಷವಿಡೀ ಬೇವಿನ ಮರದ ಕೆಳಗೆ ಕೂತು ಸ್ಕೋರ್ ಬರೆದ.

ಕೂತಿದ್ದಕ್ಕೆ ದಪ್ಪ ಆದನಾ? ದಪ್ಪ ಇದ್ದಿದ್ದಕ್ಕೆ ಕೂತ.

ಲೆಕ್ಕಿಗ, ರಾತ್ರಿ 8:45

ಮೇಷ್ಟ್ರೇ, ಇದನ್ನೇ ಇಂಗ್ಲೆಂಡಿನ ಪ್ಲಿಮತ್ ಊರಿನಲ್ಲಿ ಮಕ್ಕಳ ಹಿಂದೆ ವರ್ಷಗಟ್ಟಲೆ ಬಿದ್ದು ಅಳೆದರು. ಅರ್ಲಿಬರ್ಡ್ ಅಂತ ಅಧ್ಯಯನ, ಬರಹ ಬಂದದ್ದು 2011ರಲ್ಲಿ. ಮೊದಲು ಕೊಬ್ಬು, ಆಮೇಲೆ ಓಡಾಟ ಕಡಿಮೆ. ಉಲ್ಟಾ ಅಲ್ಲ ಅಂತ ಬರೆದರು. ದೊಡ್ಡವರಲ್ಲೂ ಹಾಗೇ ಕಂಡ ಅಧ್ಯಯನಗಳಿವೆ. ಲಂಡನ್ ಡ್ರೈವರುಗಳ ಪ್ಯಾಂಟು ನೆನಪಿರಲಿ.

ದಮ್ಮಿನ ಅಳತೆಯಲ್ಲೂ ಒಂದು ಮೋಸ ಇದೆ. ಆ ಸಂಖ್ಯೆಯನ್ನು ಸಾಮಾನ್ಯವಾಗಿ ಮೈತೂಕದಿಂದ ಭಾಗಿಸುತ್ತಾರೆ. ದಪ್ಪ ಹುಡುಗನ ಹೃದಯ ಗಟ್ಟಿ ಇದ್ದರೂ, ಭಾಗಿಸುವ ಸಂಖ್ಯೆ ದೊಡ್ಡದಾದ್ದರಿಂದ ಅವನು ಫೇಲು. "ಕೊಬ್ಬು ಜಾಸ್ತಿ ಇದ್ದವರಿಗೆ ದಮ್ಮು ಕಡಿಮೆ" ಅಂತ ಬರುವ ಫಲಿತಾಂಶದಲ್ಲಿ ಸ್ವಲ್ಪ ಭಾಗ ಬರೀ ಭಾಗಾಕಾರ.

ಪಿಟಿ ಮೇಷ್ಟ್ರು, ರಾತ್ರಿ 9:00

ಭಾಗಾಕಾರ ಅಂದಿರಲ್ಲ, ಸರಿಯಾಗಿ ನೆನಪಿಸಿದಿರಿ. ಮಕ್ಕಳಿಗೆ ದಿನಕ್ಕೆ ಸರಾಸರಿ 60 ನಿಮಿಷ ಬೇಕು ಅನ್ನುತ್ತಾರೆ. ನನಗೆ ಸಿಗುವುದು ವಾರಕ್ಕೆ ಎರಡು ಪೀರಿಯಡ್. ಡಿಸೆಂಬರ್ ಬಂದರೆ ಅದನ್ನೂ ಗಣಿತದವರು ಪೋರ್ಷನ್ ಮುಗಿದಿಲ್ಲ ಅಂತ ಕಸಿದುಕೊಳ್ಳುತ್ತಾರೆ.

ಈ ವರ್ಷ ಒಂದು ಬದಲಾವಣೆ ಮಾಡಿದ್ದೇನೆ. ದುಂಡಗಿನ ಮಕ್ಕಳನ್ನು ಗುಂಡು ಎಸೆತ, ಹಗ್ಗಜಗ್ಗಾಟದಿಂದ ಶುರು ಮಾಡಿಸುತ್ತೇನೆ. ಅಲ್ಲಿ ಅವರೇ ಹುಲಿ. ಒಂದು ಸಲ ಗೆದ್ದವನು ಮರದ ಕೆಳಗೆ ಕೂರುವುದಿಲ್ಲ.

ಕುರ್ಚಿಗಂಟಿದವ, ಬುಧವಾರ ಬೆಳಿಗ್ಗೆ 7:45

ಖಾರಾಬಾತ್ ದಿನ. ಬರೀ ಕಾಫಿ ಕುಡಿದು ಬಂದೆ, ದಾಖಲಾಗಲಿ.

ಈಗ ಕೆಲಸದ ಮಾತು. ಹತ್ತೂವರೆ ಗಂಟೆಯನ್ನು ಏನು ಮಾಡಲಿ? ಎತ್ತರದ ಮೇಜು ತಗೊಂಡು ನಿಂತು ಕೆಲಸ ಮಾಡಲೇ? ಹದಿನೆಂಟು ಸಾವಿರ ಹೇಳುತ್ತಿದ್ದಾರೆ.

ಲೆಕ್ಕಿಗ, ಬೆಳಿಗ್ಗೆ 8:20

ನಿಲ್ಲುವುದಕ್ಕೂ ಕೂರುವುದಕ್ಕೂ ಖರ್ಚಿನ ವ್ಯತ್ಯಾಸ ನಿಮಿಷಕ್ಕೆ 0.15 ಕ್ಯಾಲೊರಿ. ಆರು ಗಂಟೆ ನಿಂತರೆ 54. ಹದಿನೆಂಟು ಸಾವಿರ ರೂಪಾಯಿಗೆ ಅರ್ಧ ವಡೆ.

ರೈಟ್ ರೈಟ್, ಬೆಳಿಗ್ಗೆ 8:41

ನಿಂತೇ ಇರುವುದು ಬೇಡ ಸ್ವಾಮಿ. 24 ವರ್ಷ ನಿಂತವನ ಕಾಲಿನ ನರ ಬಂದು ನೋಡಿ, ಬಳ್ಳಿ ಸುತ್ತಿಕೊಂಡ ಹಾಗಿದೆ. ನಡೆಯುವುದು ಒಳ್ಳೆಯದು. ನಿಲ್ಲುವುದು ಶಿಕ್ಷೆ.

ನನ್ನದೊಂದು ಐಡಿಯಾ. ನಮ್ಮ ಬಸ್ಸು ಹಳ್ಳಿ ರೂಟಿನಲ್ಲಿ ಹತ್ತು ಹದಿನೈದು ನಿಮಿಷಕ್ಕೊಂದು ಸ್ಟಾಪು ಕೊಡುತ್ತಿತ್ತು. ಅಷ್ಟಕ್ಕೆ ಸರಿಯಾಗಿ ಎದ್ದು ಬಾಗಿಲಿಗೆ ಹೋಗಿ ಬಾ. ಅಷ್ಟೇ.

ಮಂಡಿ ಮೇಡಂ, ಬೆಳಿಗ್ಗೆ 9:30

ಅಣ್ಣಾ, ನಿಮ್ಮನ್ನು ನಮ್ಮ ಕ್ಲಿನಿಕ್ಕಿಗೆ ಕರೆಸಿಕೊಳ್ಳಬೇಕು. ಆಸ್ಟ್ರೇಲಿಯಾದ ಡೇವಿಡ್ ಡನ್‌ಸ್ಟನ್ ತಂಡ 2012ರಲ್ಲಿ ಮಾಡಿ ನೋಡಿದ್ದು ಇದೇ. ಕೂತವರು 20 ನಿಮಿಷಕ್ಕೊಮ್ಮೆ ಎದ್ದು 2 ನಿಮಿಷ ನಡೆದರೆ ಆಹಾರದ ನಂತರದ ಸಕ್ಕರೆ, ಇನ್ಸುಲಿನ್ ಏರಿಕೆ ಎರಡೂ ಕಡಿಮೆ. ಸಣಕಲಿಯವರೇ, ಇದು ನಿಮಗೆ ಹೆಚ್ಚು ಬೇಕಾದದ್ದು.

ಹತ್ತು ಗಂಟೆ ಕೂತರೆ ನಡೆದದ್ದೆಲ್ಲ ಅಳಿಸಿಹೋಗುತ್ತಾ ಅಂತ ಮೊದಲ ಪ್ರಶ್ನೆ ಇತ್ತಲ್ಲ. ಅಳಿಸಿಹೋಗುವುದಿಲ್ಲ. 2016ರಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಜನರ ಮಾಹಿತಿ ಒಟ್ಟು ಹಾಕಿ ನೋಡಿದಾಗ, ದಿನಕ್ಕೆ 60ರಿಂದ 75 ನಿಮಿಷ ಬಿರುಸಾಗಿ ನಡೆಯುವಷ್ಟು ಚಟುವಟಿಕೆ ಇದ್ದವರಲ್ಲಿ, ಎಂಟು ಗಂಟೆ ಮೀರಿ ಕೂತರೂ ಬೇಗ ಸಾಯುವ ಅಪಾಯ ಹೆಚ್ಚಿರಲಿಲ್ಲ. ದಿನಕ್ಕೆ ಐದು ಗಂಟೆ ಟಿವಿ ನೋಡುವವರಲ್ಲಿ ಮಾತ್ರ ಅಪಾಯ ಪೂರ್ತಿ ಹೋಗಲಿಲ್ಲ. ಟಿವಿ ಮುಂದೆ ಕೈ ಖಾಲಿ ಇರುವುದಿಲ್ಲವಲ್ಲ, ನಿಪ್ಪಟ್ಟಿನ ಡಬ್ಬಿ ಇರುತ್ತೆ. ಅದು ನನ್ನ ಅನುಮಾನ, ಅಧ್ಯಯನದ್ದಲ್ಲ.

ನಿಮ್ಮದು 50 ನಿಮಿಷ. ಹತ್ತು ನಿಮಿಷ ಸೇರಿಸಿ. ಮಧ್ಯೆ ಎರಡು ಸುತ್ತು, ಮಾತಾಡಲು ಆಗದಷ್ಟು ಬಿರುಸಾಗಿ ನಡೆಯಿರಿ. ಐದು ಜನ ಮಾತಾಡಿಕೊಂಡು ನಡೆಯುವ ವೇಗ ನನಗೆ ಗೊತ್ತು.

ತೋಟದ ಮನೆ, ಸಂಜೆ 4:10

ಬೈಕು ಮನೆಯಲ್ಲೇ ಬಿಟ್ಟು ಎರಡು ದಿನ ಆಯಿತು. ತೋಟದಿಂದ ಹತ್ತಿ ಬರುವಾಗ ಅಪ್ಪ ಹಿಂದಿಂದ ಬಂದು ನನ್ನನ್ನು ದಾಟಿ ಹೋದ. ಏನೂ ಹೇಳಲಿಲ್ಲ. ಹೇಳಿದ್ದರೇ ವಾಸಿಯಿತ್ತು.

ಕುರ್ಚಿಗಂಟಿದವ, ಶನಿವಾರ ಸಂಜೆ 6:30

ಟೇಪಿನ ಸಮಸ್ಯೆಗೆ ಪರಿಹಾರ ಸಿಕ್ಕಿತು. ಲಂಡನ್ ಪ್ಯಾಂಟಿನ ಕಥೆ ತಲೆಯಲ್ಲೇ ಸುತ್ತುತ್ತಿತ್ತು. ಇವತ್ತು ನಮ್ಮ ಟೈಲರ್ ಅಂಗಡಿಗೆ ಹೋದೆ. ಹನ್ನೆರಡು ವರ್ಷದಿಂದ ಅವರ ಹತ್ತಿರವೇ ಹೊಲಿಸುವುದು. ಅಳತೆ ಪುಸ್ತಕ ಇದೆಯಾ ಅಂದೆ. ಹಲಗೆ ಮೇಲಿಂದ ಕೆಂಪು ರಟ್ಟಿನ ನಾಲ್ಕು ಪುಸ್ತಕ ಇಳಿಸಿದರು. ಪ್ರತಿ ಹಾಳೆಗೂ ಬಟ್ಟೆಯ ಚೂರು ಪಿನ್ ಮಾಡಿದ್ದಾರೆ.

ನನ್ನ ಮದುವೆ ಸಮಯದ್ದು, ಸೊಂಟ 33 ಇಂಚು. ಮಗಳು ಹುಟ್ಟಿದ ವರ್ಷ 35. ಈ ಮಾರ್ಚಿನಲ್ಲಿ, ಭಾವಮೈದುನನ ಮದುವೆಗೆ ಹೊಲಿಸಿದ್ದು, 38 ಮುಕ್ಕಾಲು. ಪಕ್ಕದಲ್ಲಿ ಪೆನ್ಸಿಲಿನಲ್ಲಿ "ಬಟ್ಟೆ ಬಿಡಬೇಕು" ಅಂತ ಬರೆದಿದ್ದರು. ಮುಂದೆ ಇನ್ನೂ ದಪ್ಪ ಆಗುತ್ತಾನೆ ಅಂತ ಅವರ ಲೆಕ್ಕ.

ಟೇಪು ಹಿಡಿದರು. 37.

"ಒಂದು ಮುಕ್ಕಾಲು ಇಂಚು ಹಿಡಿದು ಕೊಡಲಾ?" ಅಂದರು. ಪ್ಯಾಂಟ್ ನಾಳೆ ತಂದುಕೊಡುತ್ತೇನೆ ಅಂದೆ.

ಲೆಕ್ಕಿಗ, ಸಂಜೆ 6:48

ತೂಕ ಒಂದು ಕೆಜಿ, ಸೊಂಟ ಒಂದು ಮುಕ್ಕಾಲು ಇಂಚು. ಆ ಪುಸ್ತಕಗಳನ್ನು ಜೋಪಾನ ಮಾಡಲು ಹೇಳ್ರಿ. ನನಗೆ ಒಂದು ಎಂಎಸ್ಸಿ ಪ್ರಾಜೆಕ್ಟ್ ಅಲ್ಲಿ ಕಾಣಿಸುತ್ತಿದೆ.

ರೈಟ್ ರೈಟ್, ರಾತ್ರಿ 8:20

ಇದನ್ನು ಓದಿ ಟ್ರಂಕ್ ತೆಗೆದೆ. ನಮಗೆ ಖಾಕಿ ಬಟ್ಟೆ ಕೊಡುತ್ತಿದ್ದರು, ಹೊಲಿಸಿಕೊಳ್ಳುವುದು ನಾವೇ. ಮನೆಯವಳು ಎರಡು ಪ್ಯಾಂಟ್ ಉಳಿಸಿಟ್ಟಿದ್ದಾಳೆ. ಕಂಡಕ್ಟರ್ ಆಗಿ ಸೇರಿದಾಗಿನದು 29 ಇಂಚು. ಟಿಸಿ ಆದ ವರ್ಷದ್ದು 32. ಮೂರನೆಯದು ನಿವೃತ್ತಿ ದಿನ ಹಾಕಿದ್ದು, ಅದನ್ನು ಮೊಮ್ಮಗ ಸೈಕಲ್ ಒರೆಸಲು ತಗೊಂಡು ಹೋಗಿದ್ದಾನೆ. ಬಟ್ಟೆ ಬಹಳ ಇತ್ತಂತೆ, ಇಬ್ಬರು ಒರೆಸಿದರಂತೆ.